ರೀಮ್ಸ್ ಸಭೆಯಲ್ಲಿ ಒಂದು ವಿಭಕ್ತಿ

ಈ ಹುಡುಕಾಟಕ್ಕೆ ನನ್ನನ್ನು ಎಳೆದದ್ದು ಒಂದು ಕ್ರಿಯಾಪದ. ಲ್ಯಾಟಿನ್‌ನಲ್ಲಿ ಅದು ‘ದಿಚಿತುರ್’. ನಿಘಂಟಿನವರು ‘ಹೇಳಲ್ಪಡುತ್ತದೆ’ ಎಂದು ಅರ್ಥ ಕೊಡುತ್ತಾರೆ. ಕನ್ನಡದಲ್ಲಿ ಅಷ್ಟುದ್ದದ ಮಾತು ಬೇಕಿಲ್ಲ, ಕ್ರಿಯಾಪದದ ಬಾಲಕ್ಕೆ ‘ಅಂತೆ’ ಅಂಟಿಸಿದರೆ ಆಯಿತು. ಬಂದನಂತೆ, ಹೋದನಂತೆ. ಹೇಳುವವನು ಕಣ್ಣಾರೆ ಕಂಡಿಲ್ಲ, ಆಣೆ ಇಡಲಾರ, ಕೇಳಿದ್ದನ್ನು ಬಚ್ಚಿಡಲೂ ಆರ.

ತೋಮಸ್ ಅಕ್ವಿನಾಸ್ 1265ರ ಸುಮಾರಿಗೆ ರೋಮಿನಲ್ಲಿ ಕುಳಿತು ‘ಸುಮ್ಮಾ ಥಿಯೊಲೊಜಿಯೆ’ ಬರೆಯಲು ತೊಡಗಿದ. ಅದರ ಮೊದಲ ಭಾಗದ 28ನೆಯ ಪ್ರಶ್ನೆಯಲ್ಲಿ ಗಿಲ್ಬರ್ಟ್ ಎಂಬ ಬಿಷಪ್ಪನ ಹೆಸರು ಬರುತ್ತದೆ. ಅವನು ಈ ವಿಷಯದಲ್ಲಿ ತಪ್ಪಿದನಂತೆ, ಆಮೇಲೆ ರೀಮ್ಸ್ ಸಭೆಯಲ್ಲಿ ತಪ್ಪನ್ನು ಹಿಂತೆಗೆದುಕೊಂಡನಂತೆ. ಅಷ್ಟು ಹೇಳಿ ತೋಮಸ್ ಮುಂದಿನ ವಾದಕ್ಕೆ ಹೋಗಿಬಿಡುತ್ತಾನೆ. ಇದೇ ತೋಮಸ್ 3ನೆಯ ಪ್ರಶ್ನೆಯ ಎಂಟು ಪರಿಚ್ಛೇದಗಳಲ್ಲಿ, ದೇವರಲ್ಲಿ ಯಾವ ಬಗೆಯ ಭಾಗವೂ ಇಲ್ಲವೆಂದು ಒಂದೊಂದೇ ಬಾಗಿಲು ಮುಚ್ಚುತ್ತ ಬಂದವನು. ಅಲ್ಲಿ ‘ಅಂತೆ’ ಇಲ್ಲ, ‘ಇರಬಹುದು’ ಇಲ್ಲ. ದೇವರ ಬಗ್ಗೆ ಅಷ್ಟು ಖಚಿತವಾಗಿ ಮಾತಾಡುವವನು, ತನಗಿಂತ ನೂರಿಪ್ಪತ್ತು ವರ್ಷ ಹಿಂದೆ ನಡೆದ ಒಂದು ವಿಚಾರಣೆಯ ತೀರ್ಪಿನ ಬಗ್ಗೆ ಯಾಕೆ ಹೀಗೆ ತಡವರಿಸಿದ?

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು. ಲ್ಯಾಟಿನ್ ಹತ್ತಿದ್ದು ಆಮೇಲೆ. ಬೆಂಗಳೂರಿನ ಒಂದು ಸೆಮಿನರಿಯ ಗ್ರಂಥಾಲಯದಲ್ಲಿ, ನನಗಿಂತ ಹತ್ತು ವರ್ಷ ದೊಡ್ಡವರಾದ ಫಾದರ್ ಒಬ್ಬರ ಎದುರು ಕುಳಿತು, ಮಗ್ಗಿಯ ಹಾಗೆ ವಿಭಕ್ತಿರೂಪ ಒಪ್ಪಿಸಿ ಕಲಿತದ್ದು. ಆ ಸಾಲು ತೋರಿಸಿದಾಗ ಅವರು ಕನ್ನಡಕ ಹಣೆಗೇರಿಸಿಕೊಂಡು, “ಮೇಷ್ಟ್ರೇ, ಈ ಅಂತೆ ಬೆನ್ನು ಹತ್ತಿದೋರು ಯಾರೂ ಬೇಗ ವಾಪಸ್ ಬಂದಿಲ್ಲ” ಎಂದರು. “ಬಂದರೂ ಇನ್ನೆರಡು ಅಂತೆ ಹೊತ್ಕೊಂಡೇ ಬರ್ತಾರೆ.” (ಸಂತರನ್ನೂ ಪೋಪರನ್ನೂ ಏಕವಚನದಲ್ಲಿ ಕರೆಯುತ್ತಿದ್ದೇನೆ. ಹಳಗಾಲದವರ ಕಥೆ ಹೇಳುವ ನಮ್ಮ ರೂಢಿ ಅದು, ಫಾದರ್ ಆಕ್ಷೇಪಿಸಲಿಲ್ಲ.)

ಮೊದಲು ಸಿದ್ಧಾಂತದ ಮಾತು ಮುಗಿಸಿಬಿಡುತ್ತೇನೆ. ದೇವರು ‘ಸಿಂಪ್ಲೆಕ್ಸ್’ ಎಂದು ಧರ್ಮಸಭೆ ಹೇಳುತ್ತದೆ. ಇದನ್ನು ‘ಸರಳ’ ಎಂದು ಕನ್ನಡಿಸಿದರೆ ಕೆಟ್ಟಿತು. ಸರಳ ಎಂದರೆ ನಮಗೆ ಸುಲಭ, ಆಡಂಬರವಿಲ್ಲದ್ದು, ಖಾದಿ ಉಟ್ಟು ಬಸ್ಸಿನಲ್ಲಿ ಓಡಾಡುವ ಮಂತ್ರಿ. ಇಲ್ಲಿ ಬೇಕಾದ್ದು ‘ನಿರವಯವ’, ಅವಯವಗಳಿಲ್ಲದ್ದು, ಬಿಡಿಸಿ ಜೋಡಿಸಲು ಬಾರದ್ದು. ರಾಮಣ್ಣ ದಯಾಳು ಎಂದರೆ ರಾಮಣ್ಣ ಒಬ್ಬ, ಅವನಲ್ಲಿರುವ ದಯೆ ಇನ್ನೊಂದು. ನಾಳೆ ಬೆಳಿಗ್ಗೆ ದಯೆ ಬತ್ತಿದರೂ ರಾಮಣ್ಣ ರಾಮಣ್ಣನೇ. ದೇವರೂ ಹೀಗೆಯೇ ದಯೆಯನ್ನು ‘ಹೊಂದಿದ್ದಾನೆ’ ಎಂದರೆ, ಅವನು ದಯಾಳುವಾಗಲು ತನಗಿಂತ ಬೇರೆಯಾದ ದಯೆ ಎಂಬುದರ ಹಂಗಿಗೆ ಬೀಳುತ್ತಾನೆ. ಭಾಗಗಳಿರುವ ಯಾವುದೇ ವಸ್ತು ಆ ಭಾಗಗಳನ್ನು ನೆಚ್ಚಿಕೊಂಡಿರುತ್ತದೆ, ಜೊತೆಗೆ ಅವನ್ನು ಕೂಡಿಸುವವನೊಬ್ಬ ಬೇಕಾಗುತ್ತದೆ. ದೇವರನ್ನು ಕೂಡಿಸಿದವರು ಯಾರು? ಈ ಇಕ್ಕಟ್ಟಿನಿಂದ ಪಾರಾಗಲು ಅಗಸ್ಟೀನನ ಕಾಲದಿಂದಲೂ ಹೇಳಿಕೊಂಡು ಬಂದದ್ದು, ದೇವರಿಗೆ ಏನೇನು ಇದೆಯೋ ಅದೇ ದೇವರು ಎಂದು. ಅವನ ದಯೆ, ಅವನ ಜ್ಞಾನ, ಅವನ ಇರವು ಎಲ್ಲವೂ ಒಂದೇ, ಆ ಒಂದೇ ಅವನು.

ಕೇಳಲು ಚೆನ್ನಾಗಿದೆ. ತೊಡಕು ಬರುವುದು ಪಿತ, ಸುತ, ಪವಿತ್ರಾತ್ಮ ಎಂಬ ಮೂವರನ್ನು ಇದೇ ಮಾತಿನೊಳಗೆ ಕೂರಿಸಲು ಹೊರಟಾಗ. ಎಲ್ಲವೂ ಒಂದೇ ಆದರೆ ಮೂವರು ಹೇಗೆ? ಗಿಲ್ಬರ್ಟ್ ಕೈಹಾಕಿದ್ದು ಈ ಗಂಟಿಗೆ.

ಅವನು ಪ್ವಾತಿಯೆ ಊರಿನವನು. ಶಾರ್ತ್ರದಲ್ಲಿ, ಆಮೇಲೆ ಪ್ಯಾರಿಸ್ಸಿನಲ್ಲಿ ಪಾಠ ಹೇಳಿ, 1142ರಲ್ಲಿ ತನ್ನೂರಿಗೇ ಬಿಷಪ್ಪನಾಗಿ ಹೋದ. ಎಂತಹ ಮೇಷ್ಟರು ಎಂಬುದಕ್ಕೆ ಅವನ ಶಿಷ್ಯ ಈಪ್ರ್ ಊರಿನ ಎವರಾರ್ಡ್ ಒಂದು ಲೆಕ್ಕ ಬಿಟ್ಟುಹೋಗಿದ್ದಾನೆ: ಶಾರ್ತ್ರದಲ್ಲಿ ತಾನು ನಾಲ್ಕನೆಯ ವಿದ್ಯಾರ್ಥಿ, ಪ್ಯಾರಿಸ್ಸಿನಲ್ಲಿ ಬಿಷಪ್ಪನ ಹಜಾರದಲ್ಲಿ ಹತ್ತಿರಹತ್ತಿರ ಮುನ್ನೂರನೆಯವನು. ಮೂವತ್ತು ವರ್ಷ ತರಗತಿಗೆ ಹೋದ ನನಗೆ ಈ ಎರಡು ಅಂಕಿಗಳ ಮೇಲೆ ಹೊಟ್ಟೆಕಿಚ್ಚು.

ಗಿಲ್ಬರ್ಟ್ ಬರೆದ ದೊಡ್ಡ ಪುಸ್ತಕವೆಂದರೆ ಆರನೆಯ ಶತಮಾನದ ಬೋಯೆಥಿಯಸನ ಧಾರ್ಮಿಕ ಪ್ರಬಂಧಗಳಿಗೆ ಒಂದು ವ್ಯಾಖ್ಯಾನ. ಮೂಲದ ಒಂದು ಸಾಲಿಗೆ ಇವನದು ಒಂದು ಪುಟ. ಅದರ ನಡುಗಂಬ ಒಂದು ವಿಂಗಡಣೆ: ‘ಯಾವುದು ಇದೆಯೋ ಅದು’, ಮತ್ತು ‘ಯಾವುದರಿಂದ ಅದು ಹಾಗಿದೆಯೋ ಅದು’. ಮನುಷ್ಯ ಮನುಷ್ಯನಾಗಿರುವುದು ಮನುಷ್ಯತ್ವದಿಂದ. ಮನುಷ್ಯತ್ವವೇ ನಡೆದು ಬಂದು ಊಟಕ್ಕೆ ಕೂರುವುದಿಲ್ಲ. ಅದೇ ವ್ಯಾಕರಣದಲ್ಲಿ, ದೇವರು ದೇವರಾಗಿರುವುದು ದೈವತ್ವದಿಂದ. ಗಿಲ್ಬರ್ಟ್ ದೇವರನ್ನು ತುಂಡು ಮಾಡಲು ಹೊರಟವನಲ್ಲ. ದೇವರು ನಿರವಯವ ಎಂದು ಅವನೇ ಬರೆದಿದ್ದಾನೆ. ಆದರೆ ‘ದೈವತ್ವವೇ ದೇವರು’ ಎಂದು ನೇರವಾಗಿ ಹೇಳಲು ಅವನೊಳಗಿನ ವ್ಯಾಕರಣದ ಮೇಷ್ಟರು ಹಿಂಜರಿಯುತ್ತಾನೆ. ಒಬ್ಬನನ್ನು ಹೊಗಳುವಾಗ ‘ನೀನು ಸಾಕ್ಷಾತ್ ಜ್ಞಾನವಯ್ಯಾ’ ಎನ್ನುತ್ತೇವಲ್ಲ, ಅಂಥ ಒತ್ತಿನ ಮಾತಾಗಿ ಬೇಕಾದರೆ ಒಪ್ಪೋಣ ಎಂಬ ಧಾಟಿ ಅವನದು.

ದೂರು ಹೋದದ್ದು ಅವನ ಕೈಕೆಳಗಿನ ಇಬ್ಬರು ಆರ್ಚ್‌ಡೀಕನ್ನರಿಂದಲೇ. ಒಬ್ಬನ ಹೆಸರು ಕಾಲೊ. ಇನ್ನೊಬ್ಬ ಅರ್ನಾಲ್ಡ್, ಜನ ಅವನಿಗೆ ಇಟ್ಟ ಅಡ್ಡಹೆಸರು ‘ನಗದವನು’. ಇಬ್ಬರೂ ಇಟಲಿಯ ತನಕ ಹೋಗಿ ಮೂರನೆಯ ಯುಜೀನಿಯಸ್ ಪೋಪನ ಕಿವಿಗೆ ಮುಟ್ಟಿಸಿದರು. ಈ ಯುಜೀನಿಯಸ್ ಪೋಪನಾಗುವ ಮುಂಚೆ ಕ್ಲೇರ್‌ವೋ ಮಠದ ಸನ್ಯಾಸಿ, ಅಲ್ಲಿನ ಮಠಾಧಿಪತಿ ಬರ್ನಾರ್ಡನ ಶಿಷ್ಯ. ಬರ್ನಾರ್ಡ್ ಕೆಲವೇ ವರ್ಷಗಳ ಹಿಂದೆ ಸಾನ್ಸ್ ಸಭೆಯಲ್ಲಿ ಆಬೆಲಾರ್ಡನಂಥ ತರ್ಕಪಂಡಿತನನ್ನು ಮಣ್ಣುಮುಕ್ಕಿಸಿದ್ದ. ಹಾಗಾಗಿ ಅವನೇ ಗಿಲ್ಬರ್ಟನ ಎದುರು ನಿಂತಾಗ ಕಣ ಹೇಗೆ ಸಜ್ಜಾಗಿತ್ತು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

1147ರ ಈಸ್ಟರ್ ಹೊತ್ತಿಗೆ ಪ್ಯಾರಿಸ್ಸಿನಲ್ಲಿ ಮೊದಲ ವಿಚಾರಣೆ. ಅಲ್ಲಿ ಗಿಲ್ಬರ್ಟನ ಪುಸ್ತಕವೇ ಯಾರ ಕೈಯಲ್ಲೂ ಇರಲಿಲ್ಲ! ಇಬ್ಬರು ಹೆಸರಾಂತ ವಿದ್ವಾಂಸರು ಎದ್ದು, ಈ ಮಾತನ್ನು ಅವನ ಬಾಯಿಂದ ಕೇಳಿದ್ದೇವೆ ಎಂದು ಪ್ರಮಾಣ ಮಾಡಿದರು. ತರ್ಕದಲ್ಲಿ ಪಳಗಿದವರು ವಾದ ಹೂಡುವ ಬದಲು ಆಣೆ ಇಡುವುದೇ ಎಂದು ನೆರೆದವರು ಬೆರಗಾದರಂತೆ. ಈ ‘ಅಂತೆ’ ನನ್ನದು. ಬರೆದವನು ಫ್ರೈಸಿಂಗ್‌ನ ಬಿಷಪ್ ಆಟೊ. ಪ್ರಕರಣ ಮುಂದಿನ ವರ್ಷ ರೀಮ್ಸ್‌ಗೆ ಹೋಯಿತು.

ತೀರ್ಪು ಬೇಕಾದವನು ಮೊದಲು ಸಭೆಯ ನಡಾವಳಿ ನೋಡಬೇಕಲ್ಲವೇ? ನಾನೂ ಅಲ್ಲಿಂದಲೇ ತೊಡಗಿದೆ. 1148ರ ಮಾರ್ಚ್‌ನಲ್ಲಿ ಕೂಡಿದ ರೀಮ್ಸ್ ಸಭೆಯ ಕಟ್ಟಳೆಗಳು ಉಳಿದಿವೆ. ಪಾದ್ರಿಗಳ ನಡತೆ, ಉಡುಪು, ಮಠದ ಆಸ್ತಿ, ಇಂಥವು. ಬಣ್ಣಬಣ್ಣದ ತುಪ್ಪಳದ ಮೇಲಂಗಿ ತೊಡಕೂಡದು ಎಂಬ ಕಟ್ಟಳೆ ಓದಿದಾಗ ಜರ್ಮನಿಯ ರೈನಾಲ್ಡ್ ಎಂಬ ಕಿರಿಯ ಪಾದ್ರಿ ಎದ್ದು ಇದು ನಮಗೆ ಒಪ್ಪಿಗೆಯಿಲ್ಲ ಎಂದದ್ದೂ ದಾಖಲಾಗಿದೆ. ಆತ ಮುಂದೆ ಕೊಲೋನಿನ ಆರ್ಚ್‌ಬಿಷಪ್ ಆದ. ತುಪ್ಪಳದ ಬಗ್ಗೆ ಇಷ್ಟು ಉಂಟು. ದೇವರು ಮತ್ತು ದೈವತ್ವದ ಬಗ್ಗೆ ಆ ಕಟ್ಟಳೆಗಳಲ್ಲಿ ಒಂದು ಅಕ್ಷರವಿಲ್ಲ. ಗಿಲ್ಬರ್ಟನ ವಿಚಾರಣೆ ನಡೆದದ್ದು ಮಹಾಸಭೆ ಮುಗಿದು ಬಹುಪಾಲು ಜನ ಊರಿಗೆ ಹೊರಟ ಮೇಲೆ, ಪೋಪ್ ಮತ್ತು ಕಾರ್ಡಿನಲ್‌ಗಳ ಸಣ್ಣ ಕೂಟದಲ್ಲಿ. ಹಾಗಾದರೆ ಪೋಪನ ರಿಜಿಸ್ಟರ್ ನೋಡೋಣವೆಂದರೆ, ವ್ಯಾಟಿಕನ್ ಭಂಡಾರದಲ್ಲಿ ರಿಜಿಸ್ಟರುಗಳ ಸಾಲು ನೆಟ್ಟಗೆ ಶುರುವಾಗುವುದೇ 1198ರಿಂದ. ಯುಜೀನಿಯಸನದು ಇಲ್ಲ.

ಇಷ್ಟು ಹೇಳಿದಾಗ ಫಾದರ್ ನಕ್ಕು, ಮೀನ್ಯ್ ಎಂಬಾತ ಹತ್ತೊಂಬತ್ತನೆಯ ಶತಮಾನದಲ್ಲಿ ಅಚ್ಚುಹಾಕಿಸಿದ ಲ್ಯಾಟಿನ್ ಧರ್ಮಪಿತೃಗಳ ಮಾಲೆಯ 185ನೆಯ ಸಂಪುಟ ತಂದು ಮೇಜಿನ ಮೇಲಿಟ್ಟರು. ಮುಟ್ಟಿದರೆ ಉದುರುವ ಹಾಳೆ. “ಇದು ಬರ್ನಾರ್ಡ್ ಕಡೆಯೋರ ಸಾಕ್ಷಿ. ಓದಿ, ಆದ್ರೆ ಸಾಲ ಕೊಟ್ಟೋನ ಲೆಕ್ಕದ ಹಾಗೆ ಓದಿ.”

ಅದರಲ್ಲಿರುವವನು ಆಕ್ಸೇರ್‌ನ ಜೆಫ್ರಿ. ಮೊದಲು ಆಬೆಲಾರ್ಡನ ಶಿಷ್ಯ, ಆಮೇಲೆ ಬರ್ನಾರ್ಡನ ಕಾರ್ಯದರ್ಶಿ, ಮುಂದೆ ಕ್ಲೇರ್‌ವೋ ಮಠದ ಮುಖ್ಯಸ್ಥ. ಅವನು ಈ ಪ್ರಕರಣವನ್ನು ಎರಡು ಸಲ ಬರೆದ. ಒಂದು ಗಿಲ್ಬರ್ಟನ ವಿರುದ್ಧದ ಕಿರುಹೊತ್ತಗೆ. ಇನ್ನೊಂದು ಮೂವತ್ತು ವರ್ಷ ಕಳೆದ ಮೇಲೆ ಆಲ್ಬಾನೊದ ಕಾರ್ಡಿನಲ್‌ಗೆ ಬರೆದ ಕಾಗದ. ಅಷ್ಟು ವರ್ಷದ ಮೇಲೂ ಅವನ ಸಿಟ್ಟು ಆರಿಲ್ಲ, ನೆನಪು ಚುರುಕಾಗಿದೆ. ಮೊದಲ ದಿನ ಗಿಲ್ಬರ್ಟನ ಹಿಂದೆ ಅವನ ಕಡೆಯವರು ದಪ್ಪದಪ್ಪ ಹೊತ್ತಗೆಗಳನ್ನು ಹೊತ್ತು ತಂದರು. ಬರ್ನಾರ್ಡನ ಕಡೆಯವರ ಕೈಯಲ್ಲಿ ಇದ್ದದ್ದು ಒಂದು ಹಾಳೆ, ಅದರಲ್ಲಿ ನಾಲ್ಕಾರು ಉದ್ಧೃತಿ. ಎದುರಿನವರು ಗೇಲಿ ಮಾಡಿದರು. ಮಾರನೆಯ ದಿನ ಇವರು ಊರಿನ ಪುಸ್ತಕಭಂಡಾರಗಳನ್ನೆಲ್ಲ ಜಾಲಾಡಿ ಇನ್ನಷ್ಟು ಹೊತ್ತಗೆ ತಂದು ಸುರಿದರು. ವಾದಕ್ಕಿಂತ ತೂಕಕ್ಕೆ ಬೆಲೆ ಬರುವುದು ನಮ್ಮ ಕೋರ್ಟುಗಳಲ್ಲಿ ಮಾತ್ರ ಎಂದುಕೊಂಡಿದ್ದೆ.

ದೈವತ್ವವೇ ದೇವರು ಎಂದು ಬರ್ನಾರ್ಡ್ ಘೋಷಿಸಿದಾಗ, ಇದನ್ನೂ ಬರೆದುಕೊಳ್ಳಿ ಎಂದು ಗಿಲ್ಬರ್ಟ್ ಸವಾಲು ಹಾಕಿದ. ಕಬ್ಬಿಣದ ಲೇಖನಿಯಿಂದ, ವಜ್ರದ ಮೊನೆಯಿಂದ ಬೇಕಾದರೂ ಕೆತ್ತಿಕೊಳ್ಳಿ ಎಂಬರ್ಥದ ಉತ್ತರ ಬಂತು. ಈ ಒಂದು ಪ್ರಸಂಗದಲ್ಲಿ ಜೆಫ್ರಿಯೂ ಆಟೊನೂ ಹೊಂದುತ್ತಾರೆ. ಆಮೇಲೆ ಹೊಂದುವುದಿಲ್ಲ. ಜೆಫ್ರಿಯ ಪ್ರಕಾರ ಆರೋಪದ ನಾಲ್ಕು ಕಲಮುಗಳೂ ಖಂಡನೆಗೆ ಒಳಗಾದವು. ದೈವಸತ್ವ ದೇವರಲ್ಲ, ತ್ರಿತ್ವದ ಮೂವರ ವಿಶೇಷಗುಣಗಳು ಆ ಮೂವರೇ ಅಲ್ಲ ಎಂಬವು ಅವುಗಳಲ್ಲಿ ಮುಖ್ಯವಾದವು. ಗಿಲ್ಬರ್ಟ್ ಒಂದೊಂದನ್ನೂ ಬಿಟ್ಟುಕೊಟ್ಟ. ರೋಮ್ ತಿದ್ದುವ ತನಕ ಅವನ ಪುಸ್ತಕವನ್ನು ಓದಕೂಡದು, ನಕಲು ಮಾಡಕೂಡದು ಎಂದಾಯಿತು. ನಾನೇ ತಿದ್ದುತ್ತೇನೆ ಎಂದ ಗಿಲ್ಬರ್ಟನಿಗೆ, ಆ ಕೆಲಸ ನಿನಗಿಲ್ಲ ಎಂದು ಪೋಪ್ ಹೇಳಿದ.

ಗೆದ್ದವರ ಕಡೆಯ ಸಾಕ್ಷಿ ಇದೊಂದೇ ಉಳಿದಿದ್ದರೆ ತೋಮಸ್ ‘ಅಂತೆ’ ಬಳಸುತ್ತಿರಲಿಲ್ಲ.

ಎರಡನೆಯವನು ಆಟೊ. ಚಕ್ರವರ್ತಿ ಫ್ರೆಡರಿಕ್ ಬಾರ್ಬರೊಸನ ಚಿಕ್ಕಪ್ಪನೋ ಮಾವನೋ ಎಂದು ಬಿಡಿಸಲು ಹೋಗಿ ಒಂದು ಸಂಜೆ ಕಳೆದೆ. ಬಾರ್ಬರೊಸನ ತಂದೆಯೂ ಇವನೂ ಒಬ್ಬಳೇ ತಾಯಿಯ ಮಕ್ಕಳು, ಹಾಗಾಗಿ ಚಿಕ್ಕಪ್ಪ. ಬರ್ನಾರ್ಡನ ಸಿಸ್ಟರ್ಸಿಯನ್ ಪಂಥದವನೇ, ಪ್ಯಾರಿಸ್ಸಿನಲ್ಲಿ ಓದಿದವನು. ಅವನ ಫ್ರೆಡರಿಕ್ ಚರಿತ್ರೆಯಲ್ಲಿ ರಾಜರ ಕಾಳಗಗಳ ನಡುವೆ ಇದ್ದಕ್ಕಿದ್ದಂತೆ ಗಿಲ್ಬರ್ಟನ ಪ್ರಕರಣ ಹಲವು ಅಧ್ಯಾಯ ತುಂಬುತ್ತದೆ. ಆದರೆ 1148ರಲ್ಲಿ ಅವನು ರೀಮ್ಸ್‌ನಲ್ಲಿ ಇರಲಿಲ್ಲ. ಎರಡನೆಯ ಕ್ರುಸೇಡಿನ ದಂಡಿನೊಡನೆ ಪೂರ್ವದೇಶಕ್ಕೆ ಹೋಗಿದ್ದ. ಅವನದೂ ಕೇಳಿಕೆಯ ಮಾತು.

ಕೇಳಿಕೆಯಾದರೂ ನನ್ನ ನಿದ್ದೆ ಕೆಡಿಸಿದ್ದು ಅವನದೇ ಒಂದು ವಾಕ್ಯ. ಪೋಪ್ ನಾಲ್ಕು ಕಲಮುಗಳಲ್ಲಿ ಮೊದಲನೆಯದರ ಬಗ್ಗೆ ಮಾತ್ರ ತೀರ್ಮಾನ ಕೊಟ್ಟ ಎನ್ನುತ್ತಾನೆ ಆಟೊ. ಆ ತೀರ್ಮಾನದ ತಿರುಳು: ದೇವರನ್ನು ‘ದೈವಸತ್ವ’ ಎನ್ನುವಾಗ ಆ ಪದವನ್ನು ಆಬ್ಲಾತಿವ್ ವಿಭಕ್ತಿಯ ಅರ್ಥದಲ್ಲಿ ಮಾತ್ರ ಹೇಳತಕ್ಕದ್ದಲ್ಲ, ಪ್ರಥಮಾ ವಿಭಕ್ತಿಯ ಅರ್ಥದಲ್ಲಿಯೂ ಹೇಳತಕ್ಕದ್ದು.

ನಾನು ಇದನ್ನು ಮೂರು ಸಲ ಓದಿದೆ. ವರ್ಷಗಟ್ಟಲೆ ಎಂಟನೆಯ ತರಗತಿಯ ಮಕ್ಕಳಿಂದ ‘ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ’ ಎಂದು ರಾಗವಾಗಿ ಹೇಳಿಸಿದವನು ನಾನು. ಪೋಪನೊಬ್ಬ ದೇವರ ಸ್ವರೂಪದ ಬಗ್ಗೆ ವಿಭಕ್ತಿಯ ಭಾಷೆಯಲ್ಲಿ ತೀರ್ಪು ಕೊಟ್ಟಿದ್ದಾನೆ! ಲ್ಯಾಟಿನ್ನಿನ ಆಬ್ಲಾತಿವ್ ನಮ್ಮ ತೃತೀಯಾ ಮತ್ತು ಪಂಚಮಿ ಎರಡರ ಕೆಲಸವನ್ನೂ ಮಾಡುತ್ತದೆ. ಕನ್ನಡದ ‘ಇಂದ’ಕ್ಕೂ ಬಾಯಿಮಾತಿನಲ್ಲಿ ಅದೇ ಪಾಡು. ಕತ್ತಿಯಿಂದ ಕಡಿದ, ಊರಿಂದ ಬಂದ. ಹಾಗಾಗಿ ಈ ತೀರ್ಪನ್ನು ಕನ್ನಡಕ್ಕೆ ತರುವುದು ಸಲೀಸು. ಗಿಲ್ಬರ್ಟ್ ಹೇಳುತ್ತಿದ್ದದ್ದು ‘ದೈವಸತ್ವದಿಂದ ದೇವರು’ ಎಂದು. ಬರ್ನಾರ್ಡ್ ಹೇಳಿಸಬೇಕೆಂದಿದ್ದು ‘ದೈವಸತ್ವವೇ ದೇವರು’ ಎಂದು. ನಡುವೆ ಇರುವುದು ‘ಇಂದ’ ಎಂಬ ಒಂದು ಪ್ರತ್ಯಯ. ಆ ಪ್ರತ್ಯಯ ಉಳಿದರೆ ದೇವರ ಹಿಂದೆ ದೇವರಲ್ಲದ ಇನ್ನೊಂದು ನಿಂತಂತಾಗುತ್ತದೆ ಎಂಬ ಭಯ ಒಬ್ಬನಿಗೆ. ಅಳಿದರೆ, ಪಿತನಲ್ಲಿರುವ ಸತ್ವವೇ ಸುತನಲ್ಲಿಯೂ ಇರುವುದರಿಂದ, ಇಬ್ಬರೂ ಕಲಸಿಹೋಗುತ್ತಾರೆ ಎಂಬ ಭಯ ಇನ್ನೊಬ್ಬನಿಗೆ.

ಇದರಲ್ಲಿ ಒಂದು ಸ್ವಾರಸ್ಯ ನನಗೆ ಬಹಳ ತಡವಾಗಿ ಹೊಳೆಯಿತು. ವಿಭಕ್ತಿರೂಪ ಒಪ್ಪಿಸುತ್ತಿದ್ದ ದಿನಗಳಲ್ಲೇ ಹೊಳೆಯಬೇಕಿತ್ತು. ಸತ್ವಕ್ಕೆ ಲ್ಯಾಟಿನ್ ಪದ ‘ಎಸ್ಸೆನ್ಸಿಯಾ’. ಪ್ರಥಮಾ ವಿಭಕ್ತಿಯಲ್ಲಿ ಅದರ ಕೊನೆಯ ಸ್ವರ ಹ್ರಸ್ವ, ಆಬ್ಲಾತಿವ್‌ನಲ್ಲಿ ದೀರ್ಘ. ಅಷ್ಟೇ ವ್ಯತ್ಯಾಸ. ಆದರೆ ಲಿಪಿಕಾರರು ಹ್ರಸ್ವ ದೀರ್ಘ ಗುರುತಿಸುವವರಲ್ಲ; ಹನ್ನೆರಡನೆಯ ಶತಮಾನದ ಹೊತ್ತಿಗೆ ಉಚ್ಚಾರದಲ್ಲೂ ಆ ಭೇದ ಹೆಚ್ಚುಕಡಿಮೆ ಅಳಿಸಿತ್ತು. ಎಂದರೆ ಚರ್ಮದ ಹಾಳೆಯ ಮೇಲೆ ‘ದೈವಸತ್ವ’ ಮತ್ತು ‘ದೈವಸತ್ವದಿಂದ’ ಎರಡೂ ಒಂದೇ ಅಕ್ಷರಗಳು, ಕಿವಿಗೂ ಹೆಚ್ಚುಕಡಿಮೆ ಒಂದೇ. ದೈವತ್ವಕ್ಕೆ ಇರುವ ಇನ್ನೊಂದು ಪದ ‘ದೇಯಿತಾಸ್’ ಆಗಿದ್ದರೆ ಆಬ್ಲಾತಿವ್‌ನಲ್ಲಿ ‘ದೇಯಿತಾತೆ’ ಎಂದು ಮೈಬಿಚ್ಚಿ ನಿಲ್ಲುತ್ತಿತ್ತು. ‘ಎಸ್ಸೆನ್ಸಿಯಾ’ ಹಾಗೆ ಸಿಕ್ಕಿಬೀಳುವ ಪದವಲ್ಲ. ಒಬ್ಬನೇ ಬರೆದ ಒಂದೇ ಸಾಲನ್ನು ಗಿಲ್ಬರ್ಟನ ಶಿಷ್ಯ ಒಂದು ರೀತಿ, ಬರ್ನಾರ್ಡನ ಸನ್ಯಾಸಿ ಇನ್ನೊಂದು ರೀತಿ ಓದಿಕೊಳ್ಳಬಹುದಿತ್ತು. ಪೋಪ್ ಮಾಡಿದ್ದೂ ಅದನ್ನೇ: ಎರಡು ರೀತಿಯಲ್ಲೂ ಓದಿ ಎಂದ. ಆಟೊನ ವಾಕ್ಯದಲ್ಲಿರುವ ‘ಮಾತ್ರ’ ಎಂಬ ಪದವನ್ನು ಜನ ಗಮನಿಸುವುದಿಲ್ಲ. ‘ಇಂದ’ವನ್ನು ಕಿತ್ತುಹಾಕಿ ಎಂದು ತೀರ್ಪಿನಲ್ಲಿ ಇಲ್ಲ. ‘ಇಂದ’ ಒಂದೇ ಸಾಲದು ಎಂದಿದೆ. ಇದು ಗಿಲ್ಬರ್ಟನ ಸೋಲು ಎನ್ನುವವರು ವ್ಯಾಕರಣ ಓದಿಲ್ಲ.

ಅದೇ ರೀಮ್ಸ್ ಸಭೆಯ ಎದುರಿಗೆ ಇನ್ನೊಬ್ಬನನ್ನೂ ಹಿಡಿದು ತಂದಿದ್ದರು. ಬ್ರಿಟನಿಯ ಕಡೆಯ ಎಯೊನ್. ಪ್ರಾರ್ಥನೆಯಲ್ಲಿ ನ್ಯಾಯತೀರ್ಪಿಗೆ ‘ಬರಲಿರುವ ಆತನ ಮೂಲಕ’ ಎಂದು ಬರುವ ‘ಎಯುಮ್’ ಎಂಬ ಸರ್ವನಾಮ ತನ್ನ ಹೆಸರೇ ಎಂದು ನಂಬಿ, ತಾನೇ ಆತ ಎಂದು ಊರೂರು ಸಾರಿ, ಹಿಂಬಾಲಕರನ್ನು ಕಟ್ಟಿಕೊಂಡವನು. ಹುಚ್ಚನೆಂದು ತೀರ್ಮಾನಿಸಿ ಸೆರೆಯಲ್ಲಿಟ್ಟರು, ಅಲ್ಲೇ ಸತ್ತ. ಒಂದೇ ಊರು, ಒಂದೇ ವಸಂತ, ವಿಭಕ್ತಿಯ ಮೇಲೆ ಎರಡು ಮೊಕದ್ದಮೆ. ಇದನ್ನು ಹೇಳಿದಾಗ ಫಾದರ್ ಬಹಳ ಹೊತ್ತು ನಕ್ಕರು.

ಮೂರನೆಯ ಸಾಕ್ಷಿ ಸಿಕ್ಕ ಕಥೆಯೇ ಬೇರೆ. ಸ್ವಿಟ್ಜರ್‌ಲೆಂಡಿನ ಬರ್ನ್ ನಗರದ ಪುಸ್ತಕಭಂಡಾರದಲ್ಲಿ 367ನೆಯ ಸಂಖ್ಯೆಯ ಹಸ್ತಪ್ರತಿಯೊಂದಿದೆ. ಹದಿಮೂರನೆಯ ಶತಮಾನದ ನಕಲು. ಇನ್ನೊಂದು ಕಾಲಾನುಕ್ರಮ ಚರಿತ್ರೆಯ ಬೆನ್ನಿಗೆ ಸೇರಿಕೊಂಡು, ಬರೆದವನ ಹೆಸರಿಲ್ಲದೆ, ಪೋಪನ ಆಸ್ಥಾನದ 1148ರಿಂದ 1152ರ ವರೆಗಿನ ಕಥೆ ಹೇಳುತ್ತದೆ, ಮುಗಿಯದೆ ನಿಂತುಬಿಡುತ್ತದೆ. ಜಗತ್ತಿನಲ್ಲಿ ಇದಕ್ಕೆ ಇನ್ನೊಂದು ಪ್ರತಿಯಿಲ್ಲ. 1868ರಲ್ಲಿ ಜರ್ಮನಿಯ ಆರ್ಂಡ್ಟ್ ಎಂಬ ವಿದ್ವಾಂಸ ಇದನ್ನು ಮೊದಲ ಸಲ ಅಚ್ಚಿಗೆ ತಂದ, ಅನಾಮಧೇಯ ಕೃತಿಯೆಂದೇ. ಐದು ವರ್ಷದ ಮೇಲೆ ಗೀಸೆಬ್ರೆಷ್ಟ್ ಎಂಬ ಇತಿಹಾಸಕಾರ ಗುರುತು ಹಿಡಿದ: ಇದು ಸಾಲ್ಸ್‌ಬರಿಯ ಜಾನ್. ಅದಕ್ಕೆ ಮುಂಚೆ ಏಳು ಶತಮಾನ ಗಿಲ್ಬರ್ಟನ ವಿಚಾರಣೆಯ ಬಗ್ಗೆ ಬರೆದವರು ಮುಖ್ಯ ಸಾಕ್ಷಿಯನ್ನೇ ಕಾಣದೆ ಬರೆದರು, ತೋಮಸನೂ ಸೇರಿ.

ಜಾನ್ ಪ್ಯಾರಿಸ್ಸಿನಲ್ಲಿ ಗಿಲ್ಬರ್ಟನ ಬಳಿ ಓದಿದ್ದ. ಬರ್ನಾರ್ಡನ ಮೇಲೂ ಅವನಿಗೆ ಗೌರವ. 1148ರಲ್ಲಿ ರೀಮ್ಸ್‌ನಲ್ಲಿಯೇ ಇದ್ದ. ಬರೆದದ್ದು ಹದಿನೈದು ವರ್ಷಕ್ಕೂ ಮೇಲೆ, ಇಂಗ್ಲೆಂಡಿನ ರಾಜನ ಅವಕೃಪೆಗೆ ಗುರಿಯಾಗಿ ದೇಶ ಬಿಟ್ಟು, ಗೆಳೆಯ ಪೀಟರ್ ಮುಖ್ಯಸ್ಥನಾಗಿದ್ದ ಸೇಂಟ್ ರೆಮಿ ಮಠದಲ್ಲಿ ಆಶ್ರಯ ಪಡೆದಿದ್ದಾಗ. ಆ ಮಠ ಇರುವುದೂ ರೀಮ್ಸ್‌ನಲ್ಲೇ. ನಡೆದ ಊರಿನಲ್ಲೇ ಕೂತು ನಡೆದದ್ದನ್ನು ನೆನೆದು ಬರೆದಿದ್ದಾನೆ.

ಬರ್ನಾರ್ಡ್ ತೀರ್ಪಿಗೆ ಮುಂಚೆ ತನ್ನ ಬಿಡಾರಕ್ಕೆ ಫ್ರಾನ್ಸ್ ಮತ್ತು ಇಂಗ್ಲೆಂಡಿನ ಹಿರಿಯರನ್ನು ಕರೆಸಿ, ಒಂದೊಂದೇ ವಾಕ್ಯ ಓದಿ, ಒಪ್ಪಿಗೆಯೇ ಎಂದು ಕೇಳಿ ಹೂಂ ಅನ್ನಿಸಿಕೊಂಡ ಸಂಗತಿಯನ್ನು ಜಾನ್ ಬಿಚ್ಚಿಡುತ್ತಾನೆ. ಸುದ್ದಿ ತಿಳಿದ ಕಾರ್ಡಿನಲ್‌ಗಳು ಕೆಂಡವಾದರು. ಆಬೆಲಾರ್ಡನನ್ನು ಕೆಡವಿದ್ದೂ ಇದೇ ಉಪಾಯದಿಂದ, ಈಗ ನಮ್ಮನ್ನು ಬದಿಗೊತ್ತಿ ಇನ್ನೊಂದು ವಿಶ್ವಾಸಪ್ರಮಾಣ ಹೊರಡಿಸುತ್ತಿದ್ದಾನೆ ಎಂದು ಪೋಪನ ಮುಂದೆ ಕೂಗಾಡಿದರು. ಪೋಪನ ಪಾಡು ಊಹಿಸಿಕೊಳ್ಳಿ: ಒಂದು ಕಡೆ ತನ್ನ ಗುರು, ಇನ್ನೊಂದು ಕಡೆ ತನ್ನ ಸಚಿವಮಂಡಲ. ವಿಭಕ್ತಿಯ ಮೇಲೆ ನಾಜೂಕಾಗಿ ನಿಲ್ಲುವ ತೀರ್ಪು ಇಂಥ ಇಕ್ಕಟ್ಟಿನಲ್ಲಿ ಹುಟ್ಟುತ್ತದೆಂದು ನನಗನ್ನಿಸುತ್ತದೆ. ದೇವರ ಬಗ್ಗೆ ಸಿಕ್ಕ ಸ್ಪಷ್ಟತೆಗಿಂತ ಕಾರ್ಡಿನಲ್‌ಗಳ ಸಿಟ್ಟು ಅದನ್ನು ರೂಪಿಸಿತು.

ಗಿಲ್ಬರ್ಟನದೆಂದು ತಂದ ಒಂದು ಹೊತ್ತಗೆಯನ್ನು ಸಭೆಯ ಎದುರೇ ಚೂರುಚೂರು ಮಾಡಿ ಎಸೆದರು ಎಂದೂ ಜಾನ್ ಬರೆದಿದ್ದಾನೆ. ಅದು ತನ್ನದಲ್ಲವೆಂದು ಗಿಲ್ಬರ್ಟ್ ಹೇಳಿದ್ದ. ಲ್ಯಾಟಿನ್ ತಿಳಿಯದ ಜನ ಬಿಷಪ್ಪನಿಗೇ ಶಿಕ್ಷೆಯಾಯಿತೆಂದು ತಪ್ಪು ತಿಳಿದಾರು ಎಂದು ಪೋಪ್ ಅವರ ಆಡುಮಾತಿನಲ್ಲೇ ವಿವರಿಸಬೇಕಾಯಿತು.

ಇನ್ನು ನಾನು ಹುಡುಕಿ ಹೊರಟ ಕಾಗದ. ನಾಲ್ಕು ಕಲಮುಗಳಿಗೆ ಎದುರಾದ ವಾಕ್ಯಗಳನ್ನು ಹೆನ್ರಿ ಎಂಬ ಪೀಸಾದ ಪಾದ್ರಿ ಓದಿದ್ದು ಜಾನ್‌ಗೆ ನೆನಪಿದೆ. ಆದರೆ ಅವು ಸಭೆಯ ನಡಾವಳಿಯಲ್ಲಿಯೂ ಇಲ್ಲ, ಯುಜೀನಿಯಸನ ರಿಜಿಸ್ಟರಿನಲ್ಲಿಯೂ ಇಲ್ಲ ಎನ್ನುತ್ತಾನೆ. ರಿಜಿಸ್ಟರ್ ಕಳೆದುಹೋಗುವ ಮುಂಚೆಯೇ ತೀರ್ಪು ಅದರಲ್ಲಿ ಇರಲಿಲ್ಲ. ಎಂಟುನೂರು ವರ್ಷದ ಮೇಲೆ ನಾನು ಹುಡುಕಿದ ಜಾಗದಲ್ಲಿ ಅವನು ಆಗಲೇ ಹುಡುಕಿ ಬರಿಗೈಯಲ್ಲಿ ಬಂದಿದ್ದ.

ಎಲ್ಲ ಮುಗಿದ ಮೇಲೆ ಬರ್ನಾರ್ಡ್ ಇದೇ ಜಾನ್‌ನನ್ನು ನಡುವೆ ಇಟ್ಟುಕೊಂಡು ಗಿಲ್ಬರ್ಟನಿಗೆ ಹೇಳಿಕಳಿಸಿದ: ಜಗಳವಿಲ್ಲದೆ ಎಲ್ಲಾದರೂ ಕೂತು ಹಳೆಯ ಧರ್ಮಪಿತೃ ಸಂತ ಹಿಲರಿಯ ಮಾತುಗಳನ್ನು ಚರ್ಚಿಸೋಣವೇ ಎಂದು. ಗಿಲ್ಬರ್ಟ್ ಕೊಟ್ಟ ಉತ್ತರ, ಆದ ವಾದ ಸಾಕು. ಮಠಾಧಿಪತಿಗೆ ಹಿಲರಿ ಪೂರ್ತಿ ಅರ್ಥವಾಗಬೇಕೆಂದಿದ್ದರೆ ಮೊದಲು ವ್ಯಾಕರಣ ತರ್ಕಗಳನ್ನು ಇನ್ನಷ್ಟು ಕಲಿತು ಬರಲಿ. ಮೇಷ್ಟರ ಜಂಬ ಎನ್ನಿ. ಕ್ಷಮೆ ಕೇಳಿ ಹೊರಬಂದವನ ದನಿ ಇದಲ್ಲ.

ಅವನು ಪುಸ್ತಕ ತಿದ್ದಿದನೇ? ನಿಕೊಲಾಸ್ ಹೇರಿಂಗ್ ಎಂಬ ಪಾದ್ರಿ ವಿದ್ವಾಂಸ ಜೀವಮಾನವನ್ನೇ ಇದಕ್ಕೆ ತೆತ್ತು, ಯುರೋಪಿನಾದ್ಯಂತ ಹಸ್ತಪ್ರತಿಗಳನ್ನು ತಾಳೆ ನೋಡಿ, 1966ರಲ್ಲಿ ಟೊರಾಂಟೊದಿಂದ ಆ ವ್ಯಾಖ್ಯಾನದ ಶುದ್ಧ ಆವೃತ್ತಿ ತಂದ. ಅವುಗಳಲ್ಲಿ ಒಂದು ಬಾಸೆಲ್ ವಿಶ್ವವಿದ್ಯಾಲಯದ್ದು. ಬಾಸೆಲ್ ಎಂದರೆ ನಮಗೆ ಮಂಗಳೂರು ಹೆಂಚು, ಅಚ್ಚುಕೂಟ, ಕಿಟ್ಟೆಲ್ ನಿಘಂಟು. ಅದೇ ಊರಿನ ಕಪಾಟಿನಲ್ಲಿ ಗಿಲ್ಬರ್ಟನೂ ಇದ್ದಾನೆಂದು ತಿಳಿದಾಗ ದೂರದ ನೆಂಟ ಸಿಕ್ಕಷ್ಟು ಸಂತೋಷವಾಯಿತು. ಆಕ್ಷೇಪಕ್ಕೆ ಗುರಿಯಾದ ಭಾಗಗಳು ಪುಸ್ತಕದಲ್ಲಿ ಹಾಗೇ ಇವೆ. ಸೇರಿರುವುದು ಒಂದು ಎರಡನೆಯ ಮುನ್ನುಡಿ, ಅದೂ ಅರ್ಥವಾಗದೆ ಆಡಿಕೊಳ್ಳುವವರನ್ನು ಕುರಿತು. ನಕಲು ಮಾಡಕೂಡದೆಂದು ಜೆಫ್ರಿ ಹೇಳಿದ ಪುಸ್ತಕವನ್ನು ಬರ್ನಾರ್ಡನ ಪಂಥದ ಮಠಗಳೂ ನಕಲು ಮಾಡಿಕೊಂಡವು. ಮುನ್ನೂರನೆಯ ವಿದ್ಯಾರ್ಥಿ ಎವರಾರ್ಡ್ ಮುಪ್ಪಿನಲ್ಲಿ ಅದೇ ಪಂಥದ ಸನ್ಯಾಸಿಯಾಗಿ, ಗುರುವಿನ ಪರ ಒಂದು ಸಂವಾದವನ್ನೇ ಬರೆದ.

ಬರ್ನಾರ್ಡನ ಪಕ್ಷ ಕೊನೆಗೆ ಗೆದ್ದದ್ದು ಬೇರೆ ದಾರಿಯಿಂದ. ರೀಮ್ಸ್‌ನಲ್ಲಿ ಗಿಲ್ಬರ್ಟನ ಎದುರಾಳಿಗಳ ಸಾಲಿನಲ್ಲಿ ಪೀಟರ್ ಲೊಂಬಾರ್ಡ್ ಎಂಬ ಪ್ಯಾರಿಸ್ಸಿನ ಉಪಾಧ್ಯಾಯನಿದ್ದ. ಮುಂದೆ ಅವನ ಸಂಗ್ರಹಗ್ರಂಥವೇ ಯುರೋಪಿನ ವಿದ್ಯಾಪೀಠಗಳ ಪಠ್ಯವಾಯಿತು. 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆ ಅವನ ಹೆಸರು ಹಿಡಿದೇ ಅವನ ಪರ ನಿಂತು, ದೇವರ ಸತ್ವ ‘ಸಿಂಪ್ಲೆಕ್ಸ್ ಓಮ್ನಿನೊ’, ಪೂರ್ತಿಯಾಗಿ ನಿರವಯವ, ಎಂದು ವಿಶ್ವಾಸದ ಮೊದಲ ಕಟ್ಟಳೆಯಲ್ಲೇ ಬರೆಯಿತು. 1870ರ ಏಪ್ರಿಲ್ 24ರಂದು ವ್ಯಾಟಿಕನ್ ಮಹಾಸಭೆ ಅದೇ ಎರಡು ಪದಗಳನ್ನು ಮತ್ತೆ ಬಳಸಿತು. ಇವೆರಡಕ್ಕೂ ಕಾಗದವಿದೆ, ಯಾರು ಬೇಕಾದರೂ ಓದಬಹುದು. ಆದರೂ ಗಿಲ್ಬರ್ಟನ ತಕರಾರು ಸತ್ತಿಲ್ಲ. 1980ರಲ್ಲಿ ಅಮೆರಿಕದ ಆಲ್ವಿನ್ ಪ್ಲಾಂಟಿಂಗಾ, ದೇವರಿಗೆ ಸ್ವಭಾವ ಉಂಟೇ ಎಂದು ಕೇಳುವ ಪುಟ್ಟ ಪುಸ್ತಕದಲ್ಲಿ ಹೆಚ್ಚುಕಡಿಮೆ ಅದನ್ನೇ ಎತ್ತಿದ. ದೇವರೂ ಅವನ ಗುಣವೂ ಒಂದೇ ಆದರೆ ದೇವರು ಒಂದು ಗುಣವಾಗಿ ಉಳಿಯುತ್ತಾನೆ. ಗುಣವೊಂದು ಲೋಕವನ್ನು ಸೃಷ್ಟಿಸಲಾರದು, ಯಾರನ್ನೂ ಪ್ರೀತಿಸಲಾರದು. ಮನುಷ್ಯತ್ವ ಊಟಕ್ಕೆ ಕೂರುವುದಿಲ್ಲ ಎಂದ ಹಾಗೆಯೇ.

ನನ್ನ ತೀರ್ಮಾನವನ್ನು ಫಾದರ್ ಮುಂದೆ ಇಟ್ಟೆ. ಗಿಲ್ಬರ್ಟ್ ತಪ್ಪಿದನೋ ಇಲ್ಲವೋ, ಅದು ನನ್ನ ಅಳವಿನದಲ್ಲ. ತಪ್ಪನ್ನು ಹಿಂತೆಗೆದುಕೊಂಡ ಎಂಬುದಕ್ಕೆ ಎದುರಾಳಿಯ ಕಾರ್ಯದರ್ಶಿಯ ಮಾತನ್ನು ಬಿಟ್ಟರೆ ಆಧಾರವಿಲ್ಲ. ರೀಮ್ಸ್‌ನಲ್ಲಿ ಅವನು ಖಂಡನೆಗೆ ಒಳಗಾಗಲಿಲ್ಲ. ಒಂದು ಪದವನ್ನು ಎರಡು ವಿಭಕ್ತಿಯಲ್ಲಿ ಹೇಳಲು ಒಪ್ಪಿದ, ಅಷ್ಟೇ. ತೋಮಸನ ‘ದಿಚಿತುರ್’ ಸರಿಯಾಗಿದೆ, ಅದನ್ನು ಬಿಟ್ಟು ಅನುವಾದಿಸುವವರು ತಪ್ಪು. ಫಾದರ್ ಸಂಪುಟ ಮುಚ್ಚಿ, “ಆಟೊ ಸಾಯೋವಾಗ ಏನ್ ಮಾಡ್ದ ಗೊತ್ತಾ ಮೇಷ್ಟ್ರೇ?” ಎಂದರು.

ಗೊತ್ತಿರಲಿಲ್ಲ. 1158ರಲ್ಲಿ ಆಟೊ ತಾನು ಹಿಂದೆ ಮುಖ್ಯಸ್ಥನಾಗಿದ್ದ ಮೊರಿಮೋಂ ಮಠದಲ್ಲಿ ಮರಣಶಯ್ಯೆಯಲ್ಲಿದ್ದ. ಅವನ ಚರಿತ್ರೆಯನ್ನು ಮುಂದುವರಿಸಿದ ಶಿಷ್ಯ ರಾಹೆವಿನ್ ಬರೆದಿದ್ದಾನೆ: ಆಟೊ ತನ್ನ ಹೊತ್ತಗೆಯನ್ನು ತರಿಸಿಕೊಂಡು, ಗಿಲ್ಬರ್ಟನ ಪರವಾಗಿ ಯಾರ ಮನಸ್ಸಿಗಾದರೂ ನೋವಾಗುವಂಥ ಮಾತು ಅದರಲ್ಲಿದ್ದರೆ ತಿದ್ದಿಬಿಡಿ ಎಂದು ಬಲ್ಲವರ ಕೈಗೊಪ್ಪಿಸಿದ.

ಅವರು ಏನಾದರೂ ತಿದ್ದಿದರೋ ಇಲ್ಲವೋ ತಿಳಿಯದು, ಆದರೆ ಗಿಲ್ಬರ್ಟ್ ಆರ್ಚ್‌ಡೀಕನ್ನರೊಡನೆ ರಾಜಿಯಾಗಿ, ಪದವಿಗೂ ಮರ್ಯಾದೆಗೂ ಕುಂದಿಲ್ಲದೆ ಪ್ವಾತಿಯೆಗೆ ಮರಳಿದ ಎಂಬ ಆಟೊನ ಸಾಲು ಅವನ ಚರಿತ್ರೆಯಲ್ಲಿ ಈಗಲೂ ಇದೆ. ಯುಜೀನಿಯಸ್ 1153ರ ಜುಲೈನಲ್ಲಿ ತೀರಿಕೊಂಡ, ಬರ್ನಾರ್ಡ್ ಮರುತಿಂಗಳು. ಗಿಲ್ಬರ್ಟ್ 1154ರ ಸೆಪ್ಟೆಂಬರಿನಲ್ಲಿ, ಪ್ವಾತಿಯೆಯ ಬಿಷಪ್ಪನಾಗಿಯೇ ಸತ್ತ.